ಅಪ್ಪಯ್ಯನ ಬೆವರು, ನಡುಕ: ಮೊದ್ಲು ಸಿರಿಂಜ್ ನೋಡಿ

ತಮ್ಮಾ, ಅಡಿಕೆ ಬೆಳೆಗಾರರ ಈ ಗುಂಪಲ್ಲಿ ಇದನ್ನ ಕೇಳಿದ್ದಕ್ಕೆ ಸಂಕೋಚ ಬೇಡ. ಅಪ್ಪಯ್ಯಂಗೆ ಇನ್ಸುಲಿನ್ ಶುರುವಾಗಿ ತಿಂಗಳಾಯ್ತು, ಅಡಿಕೆ ಗೊನೆ ಕೊಯ್ಲು ಹಿಡಿದ ಮೇಲೆ ಹನ್ನೊಂದು ಗಂಟೆ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಸುಮ್ಸುಮ್ನೆ ಸಿಟ್ಟು ಅಂತ ಬರ್ದಿದೀರಿ. ಮೇಲೆ ಒಬ್ರು ಪಿತ್ತ ಅಂದಿದಾರೆ, ಇನ್ನೊಬ್ರು ಬಿಪಿ ಅಂದಿದಾರೆ. ನಾನು ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು, ಓದಿದ ಕೂಡ್ಲೇ ಶುಗರ್ ಇಳೀತಿದೆ ಅನ್ನಿಸ್ತು.

ಆ ಹೊತ್ತಿಗೆ ಶುಗರ್ ನೋಡೋ ಗ್ಲುಕೋಮೀಟರ್ ಕೈಲಿದ್ರೆ ನೋಡಿ, 70ಕ್ಕಿಂತ ಕಡಿಮೆ ಇದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ರೆ ಇನ್ನೊಂದ್ಸಲ ಕೊಡಿ, ಆಮೇಲೆ ತಿಂಡಿ. ಮೀಟರ್ ಇಲ್ಲ ಅಂತ ಕಾಯ್ತಾ ಕೂರ್ಬೇಡಿ. ಪ್ರಜ್ಞೆ ತಪ್ಪಿದ್ರೆ ಮಾತ್ರ ಬಾಯಿಗೆ ಒಂದು ಹನಿನೂ ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಯಾಕೆ ಹೀಗಾಗುತ್ತೆ ಅಂದ್ರೆ, ಬೆಳಿಗ್ಗೆ ಚುಚ್ಚಿದ್ದು ಒಳಗೆ ಕೆಲ್ಸ ಮಾಡ್ತಾನೇ ಇರುತ್ತೆ, ಅದರ ಜೊತೆ ಗುಡ್ಡ ಹತ್ತಿ ಇಳಿದು ಹೊರೆ ಹೊತ್ರೆ ಮಾಂಸಖಂಡವೂ ರಕ್ತದಿಂದ ಸಕ್ಕರೆ ಎಳ್ಕೊಳ್ಳುತ್ತೆ. ತೊಡೆಗೆ ಚುಚ್ಚಿ ಕೂಡ್ಲೇ ನಡೆದ್ರೆ ಔಷಧಿನ ಮೈ ಇನ್ನೂ ಬೇಗ ಹೀರುತ್ತೆ, ಹಾಗಾಗಿ ತೋಟದ ಕೆಲ್ಸದ ದಿನ ಹೊಟ್ಟೆಗೇ ಹಾಕಿ, ಅಲ್ಲೇ ದಿನಾ ಜಾಗ ಬದಲಿಸಿ. ಒಂದೇ ಕಡೆ ಚುಚ್ಚಿ ಚುಚ್ಚಿ ಗಂಟಾಗಿದ್ರೆ ಅಲ್ಲಿ ಬೇಡ.

ಇವತ್ತೇ ನೋಡ್ಬೇಕಾದ್ದು ಸಿರಿಂಜ್. ನಮ್ಮಲ್ಲಿ ಸೀಸೆ ಎರಡು ತರ ಬರುತ್ತೆ, ಒಂದು ಎಂಎಲ್‌ಗೆ 40 ಯೂನಿಟ್ ಇರೋದು, 100 ಯೂನಿಟ್ ಇರೋದು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಔಷಧಿನ ಕೆಂಪು ಮುಚ್ಚಳದ್ದರಲ್ಲಿ 20ರ ಗೆರೆ ತನಕ ಎಳೆದ್ರೆ ಒಳಗೆ ಹೋಗೋದು 50 ಯೂನಿಟ್. ಇದೇ ತಪ್ಪಾಗಿ ಬೆಳಗಿನ ಜಾವ ಒಬ್ಬ ಅಜ್ಜನ್ನ ಜೀಪಲ್ಲಿ ಮಲಗಿಸ್ಕೊಂಡು ವಾರ್ಡಿಗೆ ತಂದಿದ್ರು, ಅಂಗಿ ಹಿಂಡಿದ್ರೆ ನೀರು ಸುರಿಯೋ ಹಾಗೆ ಬೆವರಿದ್ರು, ಮಗ ಪಾಪ ಗೆರೆ ಸರಿಯಾಗೇ ನೋಡಿದ್ದ, ಸೀಸೆ ಮೇಲಿನ ಅಂಕಿ ನೋಡಿರ್ಲಿಲ್ಲ.

ಅಪ್ಪಯ್ಯ ಶುಗರ್ ಇಳಿಸೋ ಗ್ಲಿಮಿಪಿರೈಡ್ ಮಾತ್ರೆನೂ ತಗೊಳ್ತಿದ್ರೆ, ಸಕ್ಕರೆ ಕುಡಿದು ಸರಿಯಾದ್ರು ಅಂತ ಬಿಟ್ಟು ಹೋಗ್ಬೇಡಿ, ಗಂಟೆಗಟ್ಟಲೆ ಆದ್ಮೇಲೂ ಮತ್ತೆ ಇಳಿಯಬಹುದು. ಮೆಟೊಪ್ರೊಲಾಲ್, ಅಟೆನೊಲಾಲ್ ತರದ ಬಿಪಿ ಮಾತ್ರೆ ಇದ್ರೆ ನಡುಕ, ಎದೆಬಡಿತ ಗೊತ್ತೇ ಆಗ್ದಿರಬಹುದು, ಆಗ ಬೆವರೇ ಮುಖ್ಯ ಗುರುತು.

ಡೋಸ್ ನೀವೇ ಕಡಿಮೆ ಮಾಡೋದು, ನಿಲ್ಲಿಸೋದು ಎರಡೂ ಬೇಡ. ಯಾವ ಹೊತ್ತಿಗೆ ಎಷ್ಟು ಶುಗರ್ ಅಂತ ನಾಲ್ಕು ದಿನ ಬರ್ದಿಟ್ಟು ಡಾಕ್ಟ್ರಿಗೆ ತೋರಿಸಿ, ಕೊಯ್ಲು ನಡೀತಿದೆ ಅಂತಾನೂ ಹೇಳಿ, ಆ ನಾಲ್ಕು ದಿನದೊಳಗೆ ಇನ್ನೊಂದ್ಸಲ ಇಳಿದ್ರೆ ಕಾಯದೆ ಅವತ್ತೇ ಫೋನ್ ಮಾಡಿ.

ಕರೆಂಟ್ ಹೋದ್ರೆ ಇನ್ಸುಲಿನ್ ಹಾಳಾಗುತ್ತಾ ಅಂತ ಕೇಳಿದ್ರಿ. ಬಳಸ್ತಿರೋ ಸೀಸೆ ತಂಪು ಜಾಗದಲ್ಲಿ ಹೊರಗಿದ್ರೂ ನಾಲ್ಕು ವಾರ ನಡೆಯುತ್ತೆ, ಒಲೆ ಹತ್ರ, ಅಟ್ಟದ ಮೇಲೆ ಇಡ್ಬೇಡಿ. ಫ್ರೀಜರಲ್ಲಿ ಹೆಪ್ಪುಗಟ್ಟಿದ್ದನ್ನ ಮಾತ್ರ ಎಸೆದುಬಿಡಿ.

ತಿಂಡಿ ತಿನ್ನದೆ ತೋಟಕ್ಕೆ ಇಳಿಯೋಕೆ ಬಿಡ್ಬೇಡಿ, ಎಲೆಯಡಿಕೆ ಸಂಚಿ ಒಳಗೆ ಒಂದು ಸಕ್ಕರೆ ಪೊಟ್ಟಣ ಇರ್ಲಿ, ಮರ ಹತ್ತೋರಿಗೂ ಹೇಳಿಡಿ. ಈಗ ಸೀಸೆ, ಸಿರಿಂಜ್ ಎರಡರದ್ದೂ ಫೋಟೋ ಹಾಕಿ, ನೋಡಿ ಹೇಳ್ತೀನಿ.