ರಿಪೇರಿ ಸಾಫ್ಟ್‌ವೇರ್ ಕೊಳ್ಳುವ ಮೊದಲು ಡಿಸ್ಕಿನ ಕಡೆ ನೋಡಿ

ಹಣ ಕಟ್ಟಬೇಡಿ. ಫಾರ್ಮ್ಯಾಟನ್ನೂ ಇವತ್ತೇ ಮಾಡಿಸಬೇಡಿ.

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಶ್ರೀರಾಂಪುರದಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ. ವಿಂಡೋಸ್ 10 ಇರುವ ಹಳೆಯ ಡೆಸ್ಕ್‌ಟಾಪ್. ಒಂದು ತಿಂಗಳಿಂದ ಕೆಲಸದ ನಡುವೆ ನೀಲಿ ಪರದೆ ಬಂದು ತಾನೇ ರೀಸ್ಟಾರ್ಟ್ ಆಗುತ್ತಿದೆ. ವಿಂಡೋಸ್‌ನ ಫೈಲುಗಳನ್ನು ತಪಾಸಿಸುವ ಎಸ್‌ಎಫ್‌ಸಿ ಎಂಬ ಆಜ್ಞೆ ಓಡಿಸಿದರೆ ಕೆಟ್ಟ ಫೈಲುಗಳಿವೆ, ಕೆಲವನ್ನು ಸರಿಪಡಿಸಲಾಗಲಿಲ್ಲ ಎನ್ನುತ್ತದೆ. ಅಪ್‌ಡೇಟ್ 80070643 ಎಂಬ ದೋಷ ತೋರಿಸಿ ನಿಲ್ಲುತ್ತದೆ. ಇಂಟರ್ನೆಟ್‌ನಿಂದ ಇಳಿಸಿಕೊಂಡ ರಿಪೇರಿ ಸಾಫ್ಟ್‌ವೇರ್ 1,300 ದೋಷಗಳನ್ನು ಎಣಿಸಿ ಹಣ ಕೇಳುತ್ತಿದೆ. ಪಕ್ಕದ ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಿದ್ದಾರೆ, ನಿಮಗೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಫೈಲುಗಳ ಚಿಂತೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಒಳಗಲ್ಲಿಯಲ್ಲಿ ಇಂಥ ಯಂತ್ರಗಳನ್ನು ಬಿಚ್ಚುವುದೇ ನನ್ನ ಹೊಟ್ಟೆಪಾಡಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ 1,300ರ ವಿಚಾರ. ಈ ಜಾತಿಯ ಸಾಫ್ಟ್‌ವೇರ್‌ಗಳು ಬ್ರೌಸರಿನ ಕುಕಿ, ತಾತ್ಕಾಲಿಕ ಫೈಲು, ಎಂದೋ ತೆಗೆದುಹಾಕಿದ ಪ್ರೋಗ್ರಾಮು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್‌ನ ಸೆಟ್ಟಿಂಗುಗಳ ಕಡತದಲ್ಲಿ, ಬಿಟ್ಟುಹೋದ ಸಾಲುಗಳು, ಎಲ್ಲವನ್ನೂ ಒಂದೊಂದು ದೋಷವೆಂದು ಲೆಕ್ಕ ಹಾಕುತ್ತವೆ. ಜ್ವರ ಬಂದವನ ಮನೆಗೆ ಬಂದ ವೈದ್ಯ ಪಡಸಾಲೆಯ ಕಸವನ್ನು ಎಣಿಸಿ ಬಿಲ್ ಬರೆದಂತೆ. ಆ ಕಸವೆಲ್ಲ ಇದ್ದರೂ ನೀಲಿ ಪರದೆ ಬರುವುದಿಲ್ಲ, ಗುಡಿಸಿದರೂ ನಿಲ್ಲುವುದಿಲ್ಲ. ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಕಂಪನಿಯೇ ಬರೆದಿಟ್ಟಿದೆ. 2024ರ ಮಾರ್ಚ್‌ನಲ್ಲಿ ರೆಸ್ಟೋರೋ ಮತ್ತು ರೀಇಮೇಜ್ ಎಂಬ ರಿಪೇರಿ ಸಾಫ್ಟ್‌ವೇರ್ ಕಂಪನಿಗಳು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಮೋಸದ ಆರೋಪವನ್ನು ಇತ್ಯರ್ಥ ಮಾಡಿಕೊಳ್ಳಲು 2.6 ಕೋಟಿ ಡಾಲರ್ ಕಟ್ಟಲು ಒಪ್ಪಿದವು. 2019ರಲ್ಲಿ ಆಫೀಸ್ ಡಿಪೋ ಮತ್ತು ಅದರ ಪಾಲುದಾರ ಕಂಪನಿ 3.5 ಕೋಟಿ ಡಾಲರ್ ತೆರಬೇಕಾಯಿತು. ಆ ಪ್ರಕರಣ ಇನ್ನೂ ಸ್ವಾರಸ್ಯದ್ದು: ಸ್ಕ್ಯಾನ್ ಶುರುವಾಗುವ ಮುನ್ನ ಗ್ರಾಹಕರಿಗೆ ‘ಯಂತ್ರ ನಿಧಾನವೇ?’ ಎಂಬಂಥ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಒಂದಕ್ಕೆ ಟಿಕ್ ಹಾಕಿದರೂ ಸಾಕು, ಸ್ಕ್ಯಾನಿನ ಕೊನೆಯಲ್ಲಿ ವೈರಸ್ ಲಕ್ಷಣ ಕಾಣಿಸಿದೆ ಎಂಬ ಫಲಿತಾಂಶ ಸಿದ್ಧವಾಗಿರುತ್ತಿತ್ತು.

ಆದ್ದರಿಂದ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಜೊತೆಗೆ ‘ಡ್ರೈವರ್ ಅಪ್‌ಡೇಟರ್’ ಬಂದು ಕುಳಿತಿದ್ದರೆ ಅದನ್ನೂ ತೆಗೆಯಿರಿ. ನೇರವಾಗಿ ಕೇಡು ಮಾಡುವ ಶಕ್ತಿ ಅದಕ್ಕೇ ಹೆಚ್ಚು, ಏಕೆಂದರೆ ಯಂತ್ರದ ಭಾಗಗಳನ್ನು ವಿಂಡೋಸ್‌ಗೆ ಹೊಂದಿಸುವ ತಂತ್ರಾಂಶವೇ ಡ್ರೈವರ್, ಹೊಂದದ ಡ್ರೈವರೊಂದೇ ನೀಲಿ ಪರದೆಗೆ ಸಾಕಾಗುತ್ತದೆ. ವಿಂಡೋಸ್‌ನ ಹುಡುಕಾಟದಲ್ಲಿ ‘ರಿಲಯಬಿಲಿಟಿ’ ಎಂದು ಟೈಪ್ ಮಾಡಿದರೆ ದಿನವಾರು ಪಟ್ಟಿಯೊಂದು ತೆರೆಯುತ್ತದೆ. ಯಾವ ದಿನ ಯಾವ ಪ್ರೋಗ್ರಾಮ್ ಬಂದಿತು, ಯಾವ ದಿನದಿಂದ ಯಂತ್ರ ಕುಸಿಯತೊಡಗಿತು ಎಂಬುದು ಅಲ್ಲಿ ಅಕ್ಕಪಕ್ಕದಲ್ಲೇ ಕಾಣುತ್ತದೆ. ಇಂಥ ಒಳ್ಳೆಯ ಸಾಧನವನ್ನು ಮೈಕ್ರೋಸಾಫ್ಟ್ ಯಾಕೆ ಇಷ್ಟು ಮೂಲೆಯಲ್ಲಿ ಇಟ್ಟಿದೆಯೋ, ನನಗಂತೂ ಅರ್ಥವಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿಸ್ಟಂ ಫೈಲು ಒಮ್ಮೆ ಕೆಟ್ಟರೆ ಅದು ಆಕಸ್ಮಿಕವಿರಬಹುದು. ಸರಿಮಾಡಿದ ಮೇಲೂ ಮತ್ತೆ ಮತ್ತೆ ಕೆಡುತ್ತಿದ್ದರೆ ಆ ಫೈಲನ್ನು ಇಟ್ಟುಕೊಂಡಿರುವ ಡಿಸ್ಕನ್ನೋ, ಅದು ಹಾದುಬರುವ ತಾತ್ಕಾಲಿಕ ಸ್ಮೃತಿಯಾದ ರ್ಯಾಮನ್ನೋ ಅನುಮಾನಿಸಬೇಕು. ಯಾವ ಸಾಫ್ಟ್‌ವೇರ್ ಕೂಡ ಸಾಯುತ್ತಿರುವ ಹಾರ್ಡ್ ಡಿಸ್ಕನ್ನು ಬದುಕಿಸಲಾರದು. ಅದಕ್ಕೇ ಮೊದಲ ಕೆಲಸ, ನಿಮ್ಮ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಎತ್ತಿಡುವುದು. ಗ್ರಾಹಕರ ಮದುವೆ ಪತ್ರಿಕೆ, ಕರಾರು ಪತ್ರ, ಜಿಎಸ್‌ಟಿ ಲೆಕ್ಕ ಎಲ್ಲವೂ ಹೋಗಲಿ. ಅದಾದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ, ಡಿಸ್ಕಿನ ಆರೋಗ್ಯ ತೋರಿಸುವ ಉಚಿತ ಸಾಧನವನ್ನು ಅದರದೇ ತಾಣದಿಂದ ಇಳಿಸಿಕೊಂಡು ತೆರೆಯಿರಿ. ನಿಮ್ಮದು ಹಾರ್ಡ್ ಡಿಸ್ಕ್ ಆಗಿದ್ದರೆ 05, ಸಿ5, ಸಿ6 ಎಂಬ ಮೂರು ಸಾಲುಗಳು ಮುಖ್ಯ. ಮೊದಲನೆಯದು ಈಗಾಗಲೇ ಕೆಟ್ಟು ಬದಲಿ ಜಾಗಕ್ಕೆ ಸರಿಸಲಾದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಣುಕುಗಳು), ಎರಡನೆಯದು ಓದಲಾಗದೆ ತೀರ್ಮಾನಕ್ಕೆ ಕಾದಿರುವವು, ಮೂರನೆಯದು ಸರಿಪಡಿಸಲಾಗದವು. ಇವುಗಳ ಮುಂದೆ ಸೊನ್ನೆ ಇದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಸಂಖ್ಯೆ ಇದ್ದು, ನಾಲ್ಕು ದಿನ ಬಿಟ್ಟು ನೋಡಿದಾಗ ಅದು ಏರಿದ್ದರೆ ಚರ್ಚೆಯೇ ಬೇಡ, ಡಿಸ್ಕ್ ಬದಲಾಯಿಸಿ. ಸಿ7 ಎಂಬ ಸಾಲು ಏರುತ್ತಿದ್ದರೆ ಮಾತ್ರ ಡಿಸ್ಕನ್ನು ಬೈಯುವ ಮೊದಲು ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ. ಎಷ್ಟೋ ಸಲ ಖರ್ಚು ಅಷ್ಟರಲ್ಲೇ ಮುಗಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ‘ಚೆಕ್‌ಡಿಸ್ಕ್ ಓಡಿಸಿ’ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಕೆಟ್ಟ ಸೆಕ್ಟರ್ ಹುಡುಕುವ ಅದರ ವಿಧಾನ ಇಡೀ ಡಿಸ್ಕನ್ನು ಮೂಲೆಮೂಲೆಯೂ ಓದಿಸುತ್ತದೆ. ಕೊನೆಯುಸಿರಿನಲ್ಲಿರುವ ಡಿಸ್ಕಿಗೆ ಆ ಶ್ರಮವೇ ಅಂತ್ಯವಾಗಬಹುದು. ಬ್ಯಾಕಪ್ ಮುಗಿಯುವ ತನಕ ಅದರ ತಂಟೆಗೆ ಹೋಗಬೇಡಿ.

ಡಿಸ್ಕ್ ಸರಿಯಿದ್ದರೆ ರ್ಯಾಮ್. ಅಂಗಡಿ ಮುಚ್ಚುವಾಗ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಇರುವ ಪೆನ್ ಡ್ರೈವಿನಿಂದ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ದೋಷ ತೋರಿಸಿದರೂ ರ್ಯಾಮನ್ನು ನಂಬುವಂತಿಲ್ಲ. ಆದರೆ ಎಸೆಯುವ ಮೊದಲು ವಿದ್ಯುತ್ ತಂತಿ ಕಿತ್ತು, ರ್ಯಾಮ್ ತೆಗೆದು, ಅದರ ಹೊಂಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಗಟ್ಟಿಯಾಗಿ ಕೂರಿಸಿ ಮತ್ತೊಮ್ಮೆ ಪರೀಕ್ಷಿಸಿ. ಜೆರಾಕ್ಸ್ ಯಂತ್ರದ ಪಕ್ಕದಲ್ಲಿರುವ ಕ್ಯಾಬಿನೆಟ್‌ಗಳೊಳಗೆ ರಸ್ತೆಯ ಧೂಳಿನ ಜೊತೆ ಟೋನರ್ ಪುಡಿಯೂ ಸೇರಿಕೊಂಡಿರುತ್ತದೆ. ಫ್ಯಾನ್ ತಿರುಗುತ್ತಿದೆಯೇ ಎಂದೂ ಹಾಗೆಯೇ ನೋಡಿಬಿಡಿ.

ಕರೆಂಟಿನ ಮಾತನ್ನೂ ಹೇಳಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ನಮ್ಮ ಊರಿನಲ್ಲಿ ಕರೆಂಟ್ ಹೋಗಿ ಬಂದು ಮಾಡುವುದು ಹೊಸದಲ್ಲ. ಫೈಲು ಬರೆಯುತ್ತಿರುವ ಹೊತ್ತಿಗೆ ಕರೆಂಟ್ ಹೋದರೆ ಆ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಯುಪಿಎಸ್ ಇದೆಯಲ್ಲ ಎಂದು ಹೇಳಬೇಡಿ. ಅದರ ಬ್ಯಾಟರಿ ಎರಡು ನಿಮಿಷವಾದರೂ ತಡೆಯುತ್ತದೆಯೇ ಎಂದು ಗೋಡೆಯ ಸ್ವಿಚ್ ಆರಿಸಿ ನೋಡಿ. ಪರೀಕ್ಷಿಸುವಾಗ ಯಾವ ಕೆಲಸವನ್ನೂ ತೆರೆದಿಟ್ಟುಕೊಂಡಿರಬೇಡಿ. ವಿಂಡೋಸ್‌ನ ಘಟನೆಗಳ ದಾಖಲೆಯಾದ ಈವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಎಂಬ ಸಾಲು ಸಿಕ್ಕರೆ ಅದರ ಅರ್ಥ ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಎಂದಷ್ಟೇ. ಕಾರಣವನ್ನು ಅದು ಹೇಳುವುದಿಲ್ಲ. ಅದನ್ನು ನೋಡಿದ ಕೂಡಲೇ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಹಂಚುವ ಡಬ್ಬಿ) ಬದಲಾಯಿಸಬೇಕು ಎನ್ನುವವರ ಮಾತಿಗೆ ತಲೆಯಾಡಿಸಬೇಡಿ.

ಯಂತ್ರಾಂಶ ಗಟ್ಟಿಯಾಗಿದೆ ಎಂದು ಖಚಿತವಾದ ಮೇಲೆ ಎಸ್‌ಎಫ್‌ಸಿ. ಅದು ಸಿಸ್ಟಂ ಫೈಲುಗಳನ್ನು ವಿಂಡೋಸ್ ತನ್ನೊಳಗೇ ಇಟ್ಟುಕೊಂಡಿರುವ ಮೂಲಪ್ರತಿಗಳ ಉಗ್ರಾಣದೊಂದಿಗೆ ಹೋಲಿಸುತ್ತದೆ. ಉಗ್ರಾಣದ ಪ್ರತಿಯೇ ಕೆಟ್ಟಿದ್ದರೆ ಎಷ್ಟು ಬಾರಿ ಓಡಿಸಿದರೂ ನಿಮಗೆ ಬಂದ ಉತ್ತರವೇ ಬರುತ್ತದೆ. ಉಗ್ರಾಣವನ್ನು ಸರಿಮಾಡುವುದು ಡಿಐಎಸ್‌ಎಂ ಎಂಬ ಇನ್ನೊಂದು ಆಜ್ಞೆ, ಅದರ ರೀಸ್ಟೋರ್‌ಹೆಲ್ತ್ ಆಯ್ಕೆಯೊಂದಿಗೆ. ಅದನ್ನು ಮೊದಲು ಓಡಿಸಿ, ಆಮೇಲೆ ಎಸ್‌ಎಫ್‌ಸಿ. ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡಿ ಕೈಚೆಲ್ಲುತ್ತಾರೆ. ಡಿಐಎಸ್‌ಎಂ ಶೇಕಡಾ 62.3ರಲ್ಲಿ ಬಹಳ ಹೊತ್ತು ನಿಂತಂತೆ ಕಾಣುವುದುಂಟು. ಕಿಟಕಿ ಮುಚ್ಚದೆ ಕಾಫಿಗೆ ಹೋಗಿ ಬನ್ನಿ. ಅದು ಒಳ್ಳೆಯ ಪ್ರತಿಗಳನ್ನು ತರುವುದು ವಿಂಡೋಸ್ ಅಪ್‌ಡೇಟ್‌ನಿಂದ. ನಿಮ್ಮಲ್ಲಿ ಅಪ್‌ಡೇಟೇ ಹದಗೆಟ್ಟಿದ್ದರೆ, ಮೈಕ್ರೋಸಾಫ್ಟ್ ತಾಣದಿಂದ ಅದೇ ಆವೃತ್ತಿಯ ಐಎಸ್‌ಒ (ವಿಂಡೋಸ್ ಹಾಕುವ ಪೂರ್ಣ ಫೈಲು) ಇಳಿಸಿ ಅದನ್ನು ಮೂಲವಾಗಿ ತೋರಿಸಬಹುದು.

80070643 ಮಾತ್ರ ಬೇರೆ ಕಥೆಯಾಗಿರಬಹುದು. ಆ ಸಂಖ್ಯೆ ‘ಅನುಸ್ಥಾಪನೆ ವಿಫಲ’ ಎನ್ನುವುದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಪಕ್ಕದಲ್ಲಿರುವ ಕೆಬಿ ಸಂಖ್ಯೆ, ಅಂದರೆ ಆ ಅಪ್‌ಡೇಟಿನ ಗುರುತು, ನೋಡಿ. 2024ರ ಜನವರಿಯಲ್ಲಿ ಬಂದ ಕೆಬಿ5034441 ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಹೀಗೆಯೇ ನಿಂತಿತು. ಕಾರಣ, ಡಿಸ್ಕಿನಲ್ಲಿ ದುರಸ್ತಿ ಸಾಧನಗಳಿಗೆಂದು ಮೀಸಲಾದ ರಿಕವರಿ ಪಾರ್ಟಿಷನ್ ಅದಕ್ಕೆ ಸಾಲದಷ್ಟು ಚಿಕ್ಕದಾಗಿದ್ದದ್ದು. ಆ ಪಾರ್ಟಿಷನ್ನನ್ನು ಕೈಯಾರೆ 250 ಎಂಬಿ ಹಿಗ್ಗಿಸಿ ಎಂದು ಮೈಕ್ರೋಸಾಫ್ಟ್ ಸೂಚನೆ ಕೊಟ್ಟಿತು. ಅಂಗಡಿಯವರಿಗೆ ಹೇಳುವ ಮಾತೇ ಅದು! ನಿಮ್ಮದೂ ಅದೇ ಆಗಿದ್ದರೆ ಅದಕ್ಕೂ ನೀಲಿ ಪರದೆಗೂ ಸಂಬಂಧವಿಲ್ಲ, ಸದ್ಯಕ್ಕೆ ಬದಿಗಿಡಿ.

ಇಷ್ಟಾದರೂ ನೀಲಿ ಪರದೆ ಬಂದರೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ಅಗತ್ಯದ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗಿ, ಒಂದಷ್ಟು ಹೊತ್ತು ಬಿಟ್ಟು ನೋಡಿ. ಅಲ್ಲಿ ಶಾಂತವಾಗಿದ್ದರೆ ಹೊರಗಿನಿಂದ ಬಂದ ಯಾವುದೋ ಡ್ರೈವರಿನ ಮೇಲೆ ಅನುಮಾನ. ನಿಮ್ಮಲ್ಲಿ ಪ್ರಿಂಟರ್, ಸ್ಕ್ಯಾನರ್, ಆಂಟಿವೈರಸ್‌ಗಳನ್ನು ಮೊದಲು ವಿಚಾರಿಸಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ಅಪ್‌ಡೇಟ್ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿದಾಗ, ಎಷ್ಟೋ ಕಡೆ ಸಿಬ್ಬಂದಿ ಒಂದೊಂದಾಗಿ ಯಂತ್ರದ ಮುಂದೆ ಕುಳಿತು ಸೇಫ್ ಮೋಡಿನಲ್ಲಿ ಒಂದು ಫೈಲನ್ನು ಅಳಿಸಬೇಕಾಯಿತು.

ಕೊನೆಯ ಹೆಜ್ಜೆ ಫಾರ್ಮ್ಯಾಟ್ ಎಂದುಕೊಂಡಿದ್ದರೆ, ಅದಕ್ಕೂ ಮುಂಚೆ ಒಂದಿದೆ. ಆ ಐಎಸ್‌ಒವನ್ನು ವಿಂಡೋಸ್ ಒಳಗಿನಿಂದಲೇ ತೆರೆದು ಸೆಟಪ್ ಓಡಿಸಿ, ‘ಫೈಲುಗಳೂ ಆಪ್‌ಗಳೂ ಉಳಿಯಲಿ’ ಎಂಬ ಆಯ್ಕೆ ಒತ್ತಿ. ವಿಂಡೋಸ್ ತನ್ನನ್ನು ತಾನೇ ಹೊಸದಾಗಿ ಹಾಕಿಕೊಳ್ಳುತ್ತದೆ. ನುಡಿ, ಟ್ಯಾಲಿ ಎಲ್ಲವೂ ಇದ್ದಲ್ಲೇ ಇರುತ್ತವೆ. ಆವೃತ್ತಿ, ಭಾಷೆ ಇವೆರಡರಲ್ಲಿ ಒಂದು ಹೊಂದದಿದ್ದರೂ ಆ ಆಯ್ಕೆ ಮಂಕಾಗಿ ಒತ್ತಲು ಬರುವುದಿಲ್ಲ.

ಡಿಸ್ಕೇ ಕೆಟ್ಟಿದ್ದರೆ ಮಾತ್ರ ಹೊಸ ಎಸ್‌ಎಸ್‌ಡಿ ಹಾಕಿ ಮೊದಲಿನಿಂದ ಶುರುಮಾಡಿ. ಹಳೆಯದನ್ನು ಕ್ಲೋನ್ (ಯಥಾವತ್ತು ನಕಲು) ಮಾಡಿದರೆ ಕೆಟ್ಟ ಫೈಲುಗಳೂ ಹೊಸ ಡಿಸ್ಕಿಗೆ ಬರುತ್ತವೆ. ಆಗ ನುಡಿಯ ಹಳೆಯ ಫೈಲುಗಳ ವಿಷಯದಲ್ಲಿ ನಿಮ್ಮ ಭಯ ಸರಿಯಾದದ್ದೇ: ಅವು ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬರೆದವಾದರೆ, ಆ ಫಾಂಟ್ ಇಲ್ಲದ ಕಡೆ ಅಕ್ಷರಗಳೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗುತ್ತವೆ. ಫೈಲಿನ ಜೊತೆಗೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರನ್ನೂ ನೀವು ಬಳಸುವ ನುಡಿ ಆವೃತ್ತಿಯ ಸೆಟಪ್ ಫೈಲನ್ನೂ ಎತ್ತಿಡಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದಾಗಿ ಹಾಕುವುದೇ ಆದರೆ ನಿಮ್ಮ ಯಂತ್ರ ವಿಂಡೋಸ್ 11 ಒಪ್ಪುತ್ತದೆಯೇ ಎಂದು, ಅಂದರೆ ಪ್ರೊಸೆಸರ್ ಯಾವ ತಲೆಮಾರಿನದು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇದೆಯೇ ಎಂದು, ಮೊದಲೇ ನೋಡಿಕೊಳ್ಳಿ.

05, ಸಿ5, ಸಿ6 ಸಾಲುಗಳ ಸಂಖ್ಯೆಗಳನ್ನೂ ನೀಲಿ ಪರದೆಯ ಕೆಳಗೆ ಕಾಣುವ ಸ್ಟಾಪ್ ಕೋಡನ್ನೂ ಇಲ್ಲಿಯೇ ಕೆಳಗೆ ಬರೆಯಿರಿ. ಪರದೆ ಬೇಗ ಮಾಯವಾಗುವುದಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ.