ಕರ್ನಾಟಕ, ಹಿಂದೂಸ್ತಾನಿ ಗಾಯಕರು ಚೇಂಬರ್ ಆರ್ಕೆಸ್ಟ್ರಾದೊಂದಿಗೆ (ಪಾಶ್ಚಾತ್ಯ ವಾದ್ಯಗಳ ಚಿಕ್ಕ ವಾದ್ಯವೃಂದ) ಹಾಡಿದರೆ ರಾಗ ಕೆಡುವುದಿಲ್ಲವೇ?

ಆರ್ಕೆಸ್ಟ್ರಾ ಷಡ್ಜವನ್ನು, ಅಂದರೆ ಆಧಾರಸ್ವರವಾದ ‘ಸ’ವನ್ನು, ಅಲುಗಿಸದಿದ್ದರೆ ಕೆಡುವುದಿಲ್ಲ. ನಮ್ಮ ಎರಡೂ ಪದ್ಧತಿಗಳಲ್ಲಿ ತಂಬೂರಿಯ ಷಡ್ಜ ಸ್ಥಿರ. ಉಳಿದ ಸ್ವರಗಳು ಗುರುತು ಪಡೆಯುವುದು ಅದರಿಂದ ಎಷ್ಟು ದೂರದಲ್ಲಿವೆ ಎಂಬುದರಿಂದ. ಪಾಶ್ಚಾತ್ಯ ಸಂಗೀತವಾದರೋ ಬಹುಮಟ್ಟಿಗೆ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು, ಬದಲಿಸುತ್ತಲೇ ಮುಂದೆ ಸಾಗುತ್ತದೆ; ಆಗ ಆಧಾರವೂ ಸರಿದಂತೆ ಕೇಳಿಸಬಹುದು.

ಗಾಯಕಿ ಮೋಹನ ರಾಗ ಹಾಡುತ್ತಿದ್ದಾರೆ ಎನ್ನಿ. ತಗ್ಗು ಸ್ಥಾಯಿಯಲ್ಲಿ ಚೆಲೊಗಳು (ಪಿಟೀಲಿನ ಜಾತಿಯ ದೊಡ್ಡ ವಾದ್ಯಗಳು) ಪಂಚಮವನ್ನೇ, ಅಂದರೆ ‘ಪ’ವನ್ನೇ, ಆಧಾರವಾಗಿ ಹಿಡಿದು ನಿಂತರೆ ಕಿವಿ ಅದನ್ನೇ ಷಡ್ಜವೆಂದು ಭ್ರಮಿಸುತ್ತದೆ. ಮೋಹನದ ಅದೇ ಐದು ಸ್ವರಗಳು ಆಗ ಶುದ್ಧ ಸಾವೇರಿ ರಾಗದಂತೆ ಕೇಳಿಸತೊಡಗುತ್ತವೆ! ಹಿಂದೂಸ್ತಾನಿಯವರ ಮಾತಿನಲ್ಲಿ ಹೇಳುವುದಾದರೆ, ಭೂಪ್ ರಾಗ ಹೋಗಿ ದುರ್ಗಾ ರಾಗ ಬಂದಂತೆ. ಗಾಯಕಿ ತಪ್ಪಿಲ್ಲ, ನೆಲವೇ ಸರಿದಿದೆ.

ಆದ್ದರಿಂದ ಬಲ್ಲ ಸಂಯೋಜಕರು ಗಾಯಕರ ಶ್ರುತಿಗೆ, ಅಂದರೆ ಅವರ ಷಡ್ಜದ ಎತ್ತರಕ್ಕೆ, ತಕ್ಕಂತೆ ಸ್ವರಲಿಪಿ ಬರೆದು, ಚೆಲೊ ಮತ್ತು ಡಬಲ್ ಬಾಸ್‌ಗಳಿಗೆ ಷಡ್ಜ-ಪಂಚಮವನ್ನು ಒಪ್ಪಿಸುತ್ತಾರೆ. ಪಿಟೀಲು ಮತ್ತು ಅದಕ್ಕಿಂತ ತುಸು ದೊಡ್ಡದಾದ ವಯೋಲಾಗಳಿಗೆ ರಾಗದೊಳಗಿನದೇ ಎಳೆಗಳನ್ನು ಕೊಡುತ್ತಾರೆ. ಈ ವಾದ್ಯಗಳಿಗೆ ವೀಣೆಯಲ್ಲಿರುವಂಥ ಮೆಟ್ಟಿಲುಗಳಿಲ್ಲ (ಫ್ರೆಟ್). ಗಮಕ (ಸ್ವರವನ್ನು ತೂಗಿಸುವುದು), ಮೀಂಡ್‌ಗಳ (ಸ್ವರದಿಂದ ಸ್ವರಕ್ಕೆ ಜಾರುವುದು) ಜಾರು ಅವುಗಳಿಗೆ ದಕ್ಕುತ್ತದೆ. ಪಿಯಾನೊಗೆ ದಕ್ಕದು, ನನ್ನನ್ನು ಕೇಳಿದರೆ ಅದನ್ನು ಹೊರಗಿಡುವುದೇ ಲೇಸು. ಗಾಯಕ, ಗಾಯಕಿಯರ ಶ್ರುತಿಯೇ ಬೇರೆಯಾಗಿದ್ದರೆ ಮಾತ್ರ ಕೆಲಸ ಹೆಚ್ಚು: ಒಬ್ಬರಿಂದ ಇನ್ನೊಬ್ಬರಿಗೆ ಹಾಡು ದಾಟುವಾಗ ಇಡೀ ಆರ್ಕೆಸ್ಟ್ರಾ ಹೊಸ ಷಡ್ಜಕ್ಕೆ ಹೊರಳಬೇಕು.