ಕಾನೂನು ಪ್ರಶ್ನೋತ್ತರ: ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಪ್ರಕರಣ ಮುಗಿದಂತೆಯೇ?

ಪ್ರಶ್ನೆ: ನಮ್ಮ ಹೊಲಕ್ಕೂ ದಾಯಾದಿಗಳ ಹೊಲಕ್ಕೂ ನಡುವಿನ ಬದುವಿನ ವಿಷಯವಾಗಿ ಹೋದ ವಾರ ಜಗಳವಾಯಿತು. ಮಾತಿಗೆ ಮಾತು ಬೆಳೆದು ಹೊಡೆದಾಟವಾದದ್ದು ನಿಜ. ನನ್ನ ಪತಿಗೂ ತಲೆಗೆ ಪೆಟ್ಟಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ್ದಾರೆ. ಆದರೆ ನನ್ನ ಪತಿ ಕುಡುಗೋಲಿನಿಂದ ಹೊಡೆದರೆಂದು ದಾಯಾದಿಗಳು ದೂರು ಬರೆಸಿ, ಆ ದಿನ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೆಲಸದಲ್ಲಿದ್ದ ನನ್ನ ಮೈದುನನ ಹೆಸರನ್ನೂ ಸೇರಿಸಿದ್ದಾರೆ. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ ಕಲಂ 115(2), 118(1), 352, 351(2) ಸಹ ಕಲಂ 3(5) ಎಂದಿದೆ. ಹಾಜರಾಗಲು ಠಾಣೆಯಿಂದ ಇಬ್ಬರಿಗೂ ನೋಟಿಸು ಬಂದಿದೆ. ವಕೀಲರಿಗೆ ದುಡ್ಡು ಸುರಿಯುವ ಬದಲು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬನ್ನಿ ಎಂದು ಊರಿನ ಹಿರಿಯರು ಹೇಳುತ್ತಿದ್ದಾರೆ. ಮೈದುನ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾನೆ. ನಾವೇನು ಮಾಡಬೇಕು?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಹಿರಿಯರು ನಿಮ್ಮ ಒಳ್ಳೆಯದಕ್ಕೇ ಹೇಳಿರಬಹುದು, ಆದರೆ ದಯವಿಟ್ಟು ಆ ಸಲಹೆಯನ್ನು ಪಾಲಿಸಬೇಡಿ. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟುವುದೆಂದರೆ ಅಪರಾಧ ಸಾಬೀತಾಗಿ ಶಿಕ್ಷೆಯಾಯಿತೆಂದೇ ಕಾನೂನಿನ ಅರ್ಥ. ದಂಡದ ಮೊತ್ತ ಎಷ್ಟೇ ಚಿಕ್ಕದಿರಲಿ, ಆ ತೀರ್ಪು ದಾಖಲೆಯಲ್ಲಿ ಉಳಿಯುತ್ತದೆ, ನೌಕರಿಗೆ ಮುನ್ನ ನಡೆಯುವ ಪೊಲೀಸ್ ಪರಿಶೀಲನೆಯಲ್ಲಿ ಎದುರಿಗೆ ಬರುತ್ತದೆ. ಸ್ಥಳದಲ್ಲೇ ಇರದಿದ್ದ ಹುಡುಗನೊಬ್ಬ ಮಾಡದ ತಪ್ಪನ್ನು ಒಪ್ಪಿಕೊಂಡು ಅಪರಾಧಿ ಎನಿಸಿಕೊಳ್ಳುವುದು ಅನ್ಯಾಯ.

ಮೊದಲು ಕಲಂಗಳನ್ನು ಅರ್ಥ ಮಾಡಿಕೊಳ್ಳಿ. 115(2) ಎಂದರೆ ಸಾಮಾನ್ಯ ಗಾಯ. ಅದಕ್ಕೆ ಗರಿಷ್ಠ ಒಂದು ವರ್ಷ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 352 ಶಾಂತಿಭಂಗಕ್ಕೆ ಪ್ರಚೋದಿಸುವ ಬೈಗುಳಕ್ಕೆ, 351(2) ಬೆದರಿಕೆಗೆ. ಇವು ಮೂರನ್ನೂ ಗಾಯಗೊಂಡವರು ಅಥವಾ ಬೈಗುಳ, ಬೆದರಿಕೆಗೆ ಒಳಗಾದವರು ಒಪ್ಪಿದರೆ ರಾಜಿಯಲ್ಲಿ ಮುಗಿಸಬಹುದು. ನಿಮ್ಮ ಪ್ರಕರಣದ ಭಾರವೆಲ್ಲ ಇರುವುದು 118(1)ರ ಮೇಲೆ, ಅಂದರೆ ಕುಡುಗೋಲಿನ ಮೇಲೆ. ಅಪಾಯಕಾರಿ ಆಯುಧದಿಂದ ಗಾಯಪಡಿಸಿದ ಆರೋಪಕ್ಕೆ ಮೂರು ವರ್ಷದವರೆಗೆ ಶಿಕ್ಷೆಯಿದೆ, ಅದು ಜಾಮೀನುರಹಿತ (ಜಾಮೀನು ಹಕ್ಕಾಗಿ ಸಿಗದು, ನ್ಯಾಯಾಲಯ ಕೊಡಬೇಕು), ಕೆಳ ನ್ಯಾಯಾಲಯದಲ್ಲಿ ರಾಜಿಯಾಗುವಂಥದ್ದೂ ಅಲ್ಲ. ಆದ್ದರಿಂದ ಆಯುಧ ನಿಜವಾಗಿ ಇತ್ತೇ, ವೈದ್ಯರ ಗಾಯದ ಪ್ರಮಾಣಪತ್ರ ಏನು ಹೇಳುತ್ತದೆ, ಮಹಜರಿನಲ್ಲಿ ಕುಡುಗೋಲು ಜಪ್ತಿಯಾಗಿದೆಯೇ ಎಂಬುದೇ ನಿಮ್ಮ ವಕೀಲರು ಮೊದಲು ನೋಡಬೇಕಾದ ಸಂಗತಿ. ಇನ್ನು 3(5) ಪ್ರತ್ಯೇಕ ಅಪರಾಧವಲ್ಲ. ಸಮಾನ ಉದ್ದೇಶದಿಂದ ಸೇರಿ ಮಾಡಿದವರೆಲ್ಲರೂ ಸಮಾನ ಹೊಣೆಗಾರರೆಂಬ ನಿಯಮ. ದೂರಿನಲ್ಲಿ ಮನೆಯವರ ಹೆಸರನ್ನೆಲ್ಲ ಸೇರಿಸಲು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 34ನೇ ಕಲಮನ್ನು ಬಳಸುತ್ತಿದ್ದ ಹಾಗೆಯೇ ಇದನ್ನೂ ಬಳಸುತ್ತಾರೆ.

ನೋಟಿಸು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) 35(3)ನೇ ಕಲಮಿನಡಿ ಬಂದಿದ್ದರೆ ಗಾಬರಿಯಾಗಬೇಡಿ, ಆದರೆ ಅಲಕ್ಷ್ಯವನ್ನೂ ಮಾಡಬೇಡಿ. ಹೇಳಿದ ದಿನ ಹಾಜರಾಗಿ ಸಹಕರಿಸುತ್ತಿರುವವರನ್ನು, ಕಾರಣವನ್ನು ಲಿಖಿತವಾಗಿ ದಾಖಲಿಸದೆ ಬಂಧಿಸುವಂತಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನ ತಾನಾಗಿಯೇ ಆಗುವಂಥದ್ದಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಹೋಗುವ ಮುನ್ನ ಕ್ರಿಮಿನಲ್ ಪ್ರಕರಣ ನಡೆಸುವ ವಕೀಲರೊಬ್ಬರನ್ನು ಕಂಡು, ಎಫ್‌ಐಆರ್ ಮತ್ತು ದೂರಿನ ನಕಲು ತೋರಿಸಿ, ಜಿಲ್ಲಾ ಸೆಷನ್ಸ್ ನ್ಯಾಯಾಲಯದಲ್ಲಿ ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮುನ್ನವೇ ಪಡೆಯುವ ಜಾಮೀನು) ಕೇಳಬೇಕೇ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಠಾಣೆಯಲ್ಲಿ ತಮಗೇ ವಿರುದ್ಧವಾಗುವ ಉತ್ತರ ಕೊಡುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ. ಸಂವಿಧಾನದ 20(3)ನೇ ವಿಧಿ ಆ ರಕ್ಷಣೆ ಕೊಟ್ಟಿದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಬೇಕಿಲ್ಲ, ಖಾಲಿ ಹಾಳೆಗಂತೂ ಯಾವ ಕಾರಣಕ್ಕೂ ಹಾಕಬಾರದು.

ಈಗ ಮೈದುನನ ವಿಷಯ. ಇದರಲ್ಲಿ ಒಂದು ದಿನವೂ ತಡಮಾಡಬಾರದು ಎಂಬುದು ನನ್ನ ಕಳಕಳಿಯ ಮಾತು. “ನಾವು ಕೋರ್ಟಿನಲ್ಲಿ ಹೇಳುತ್ತೇವೆ ಬಿಡಿ” ಎಂದು ಸುಮ್ಮನಿರುವವರು ಅರಿಯದಿರುವ ಸಂಗತಿಯೆಂದರೆ, ದೋಷಾರೋಪಣ ಪಟ್ಟಿ ಸಲ್ಲಿಕೆಯಾದ ಮೇಲೆ ಆರೋಪಮುಕ್ತಿ (ಸಾಕ್ಷಿ ವಿಚಾರಣೆಗೆ ಮುನ್ನವೇ ಪ್ರಕರಣದಿಂದ ಬಿಡುಗಡೆ) ಕೋರಿ ಅರ್ಜಿ ಹಾಕಿದಾಗ ನ್ಯಾಯಾಲಯ ಸಾಮಾನ್ಯವಾಗಿ ಪೊಲೀಸರು ಸಲ್ಲಿಸಿದ ದಾಖಲೆಗಳನ್ನಷ್ಟೇ ನೋಡುತ್ತದೆ. ಆರೋಪಿಯ ಕಡೆಯ ಸಾಕ್ಷ್ಯಕ್ಕೆ ಅವಕಾಶ ಸಿಗುವುದು ವಿಚಾರಣೆಯ ಕೊನೆಯ ಹಂತದಲ್ಲಿ, ಅಷ್ಟರಲ್ಲಿ ವರ್ಷಗಳೇ ಕಳೆದಿರಬಹುದು. ಹೀಗಾಗಿ ಆತ ಹುಬ್ಬಳ್ಳಿಯಲ್ಲಿದ್ದನೆಂಬ ಪುರಾವೆ ಈಗಲೇ, ತನಿಖೆ ನಡೆಯುತ್ತಿರುವಾಗಲೇ ಪೊಲೀಸರ ಕಡತ ಸೇರಬೇಕು. ಅಂಗಡಿಯ ಹಾಜರಿ ಪುಸ್ತಕ, ಬಿಲ್ಲುಗಳು, ಮಾಲೀಕರ ಹೇಳಿಕೆ, ಬಸ್ ಟಿಕೆಟ್, ಆ ದಿನದ ಯುಪಿಐ ಪಾವತಿ ಇವನ್ನು ಕಲೆಹಾಕಿ. ಸಿಸಿಟಿವಿ ಇದ್ದರೆ ಇವತ್ತೇ ಹೋಗಿ ದೃಶ್ಯವನ್ನು ಉಳಿಸಿಡುವಂತೆ ಮಾಲೀಕರಿಗೆ ಬರಹದಲ್ಲಿ ಕೇಳಿ, ಏಕೆಂದರೆ ಕೆಲವೇ ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿಬಿಡುತ್ತದೆ. ಅದರ ನಕಲಿಗೆ, ಅದು ಸರಿಯಾದ ನಕಲೆಂದು ದೃಢಪಡಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕು. ಇವೆಲ್ಲವನ್ನೂ ಲಗತ್ತಿಸಿ ತನಿಖಾಧಿಕಾರಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವೀಕರಿಸದಿದ್ದರೆ ಅವರಿಗೂ ಪೊಲೀಸ್ ವರಿಷ್ಠಾಧಿಕಾರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಆಮೇಲೂ ಹೆಸರು ಉಳಿದರೆ, ದಾಖಲೆಗಳ ನಕಲು ಕೈಗೆ ಬಂದ 60 ದಿನಗಳೊಳಗೆ ಆರೋಪಮುಕ್ತಿ ಅರ್ಜಿ ಹಾಕಬೇಕೆಂಬ ಹೊಸ ನಿಯಮವನ್ನು ವಕೀಲರಿಗೆ ನೆನಪಿಸಿ.

ನಿಮ್ಮ ಪತಿಯ ತಲೆಗೆ ಬಿದ್ದ ಪೆಟ್ಟಿಗೂ ಪ್ರತಿದೂರು ಕೊಡಬಹುದು. ನಡೆದಷ್ಟನ್ನೇ ಬರೆಯಿರಿ, ಅವರು ಮಾಡಿದಂತೆ ಇಲ್ಲದವರ ಹೆಸರು ಸೇರಿಸಬೇಡಿ. ಮುಂದೆ ಎರಡೂ ಕಡೆಯವರು ಮನಸ್ಸು ಮಾಡಿ ರಾಜಿಯಾದರೆ, 118(1) ಸೇರಿದಂತೆ ಇಡೀ ಪ್ರಕರಣವನ್ನು ರದ್ದುಪಡಿಸುವಂತೆ ಹೈಕೋರ್ಟಿನ ಧಾರವಾಡ ಪೀಠವನ್ನು ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಕೋರಲು ದಾರಿಯಿದೆ. ಹಿರಿಯರು ನಿಜಕ್ಕೂ ನೆರವಾಗಬೇಕೆಂದರೆ ಅವರ ಶ್ರಮ ಈ ದಿಕ್ಕಿನಲ್ಲಿರಲಿ.

ಶುಲ್ಕದ ಚಿಂತೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ. ಅದು ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, 15100 ಸಹಾಯವಾಣಿಯೂ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಮೊದಲಾದವರಿಗೆ ಆದಾಯ ನೋಡದೆ, ಉಳಿದವರಿಗೆ ಆದಾಯದ ಮಿತಿಯೊಳಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಮೈದುನನಿಗೆ ಇನ್ನೊಂದು ಮಾತು ತಿಳಿಸಿ. ನೌಕರಿಯ ಅರ್ಜಿಯಲ್ಲೋ ಪರಿಶೀಲನೆಯ ನಮೂನೆಯಲ್ಲೋ ಬಾಕಿ ಪ್ರಕರಣದ ಬಗ್ಗೆ ಕೇಳಿದ್ದರೆ ಇದೆ ಎಂದೇ ಬರೆಯಬೇಕು. ಬಚ್ಚಿಟ್ಟ ಕಾರಣಕ್ಕೇ ಆಯ್ಕೆಯನ್ನು ರದ್ದುಪಡಿಸಬಹುದೆಂದು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸತ್ಯ ಬರೆದವರ ವಿಷಯದಲ್ಲಿ ಪ್ರಕರಣದ ಸ್ವರೂಪ ನೋಡಿ ನೇಮಿಸಿಕೊಳ್ಳುವ ಅವಕಾಶವನ್ನೂ ಅದೇ ತೀರ್ಪು ಇಲಾಖೆಗೆ ಉಳಿಸಿದೆ.